ಬದಲಾದದ್ದು

ಡಾಕ್ಟರು ಪಟ್ಟಿ ಹಿಡಿದು ಒಂದೊಂದೇ ಲಕ್ಷಣ ಕೇಳುತ್ತ ಹೋದರು. ಗಂಡ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದ, ನೀಲವ್ವ ಉತ್ತರ ಹೇಳುತ್ತಿದ್ದಳು.

"ನಾಕ ಮಂದಿ ಮುಂದ ಬಾಯಿಗೆ ಬಂದಂಗ ಬೈತಾರೇನು?"

"ಲಗ್ನ ಆದಾಗಿಂದ ಬೈತಾರ್ರಿ."

"ಮಂದಿ ದುಃಖ ಕಂಡ್ರ ಕರಗಂಗಿಲ್ಲೇನು?"

"ನಮ್ಮವ್ವ ತೀರಿಕೊಂಡ ದಿನ ರೊಟ್ಟಿ ಯಾಕ ತಡ ಅಂತ ತಾಟು ಒಗೆದಿದ್ರು. ಅದಕ್ಕ ಮೂವತ್ತು ವರ್ಷ ಆತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಿದುಳಿನ ಮುಂಭಾಗ ಸವೆದ್ರ ಮನುಷ್ಯಾನ ಸ್ವಭಾವನ ಬದಲಾಗತೈತಿ. ಇವೆಲ್ಲ ಮೊದಲಿಂದ ಇದ್ದೂ ಅಂದ್ರ, ಈಗ್ಯಾಕ ಕರಕೊಂಡ ಬಂದ್ರಿ?"

ನೀಲವ್ವ ಸೆರಗು ಸರಿಮಾಡಿಕೊಂಡಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ಸೋಮವಾರ ಉಂಡು ಕೈ ತೊಳಕೊಂಡು, 'ನಿಂದು ಊಟ ಆತೇನು?' ಅಂತ ಕೇಳಿದ್ರು. ಅವತ್ತ ನನಗ ಹೆದರಿಕಿ ಆತ್ರಿ."