ಒರೆಸಿದ ಕೇರಿ

ಸೀಮೆಸುಣ್ಣದ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಂದು ಮಧ್ಯಾಹ್ನ ಮಾಸ್ತರರು ಕರಿಹಲಗೆಯ ಮೇಲೆ ನಮ್ಮೂರಿನ ನಕಾಶೆ ಬರೆಯಲು ನನಗೆ ಹೇಳಿದರು. ಕೆರೆ, ಗುಡಿ, ಗೌಡರ ವಾಡೆ ಬರೆದು, ಹಳ್ಳದ ಆಚೆ ನಮ್ಮ ಕೇರಿಯನ್ನೂ ಬರೆದೆ. ಮಾಸ್ತರರು ಕೇರಿಯನ್ನಷ್ಟೇ ಒರೆಸಿದರು.

“ಊರಿಂದು ಬರಿ ಅಂದೇನಿ. ಕೇರಿ ಊರಾಗ ಬರಂಗಿಲ್ಲ.”

ಶಾಲೆಯ ಅಂಗಳ ಗುಡಿಸುತ್ತಿದ್ದ ನನ್ನ ಅವ್ವ ಬಾಗಿಲಿಗೆ ಬಂದಳು.

“ಗುರುಗಳ, ಊರಾಗ ಯಾರರ ಸತ್ತರ, ಬೀಗರೂರಿಗೆ ಸುದ್ದಿ ಒಯ್ರಿ ಅಂತ ನಮ್ಮನ್ನ ಕರಿಯಾಕ ಬರತೀರಲ್ಲರಿ? ಆವಾಗ ಕೇರಿ ದಾರಿ ಹೆಂಗ ಸಿಗತೈತ್ರಿ ನಿಮಗ?”

“ಹುಡುಗರ ಮುಂದ ಇದೆಲ್ಲಾ ಯಾಕಬೇ?” ಎಂದು ಮಾಸ್ತರರು ಮುಖ ತಿರುಗಿಸಿದರು.

“ಹುಡುಗರ ಮುಂದನ ಅಳಿಸಿದಿರಲ್ಲರಿ!” ಅವ್ವ ನನ್ನತ್ತ ನೋಡಿದಳು. “ಬರಿ ನೀ.”

ನಾನು ಇಡೀ ಹಲಗೆಯನ್ನೇ ಒರೆಸಿದೆ. ಮೊದಲು ಕೇರಿಯ ಮನೆಗಳನ್ನು ಒಂದೊಂದಾಗಿ, ದೊಡ್ಡದಾಗಿ ಬರೆದೆ. ಉಳಿದ ಜಾಗದಲ್ಲಿ ಊರನ್ನು ತುರುಕಿದೆ.