ಅತ್ತೆ ಕಲಿತ ಇಂಗ್ಲಿಷ್

"ವಿ ಆರ್ ಲುಕಿಂಗ್ ಇನ್‌ಟು ಇಟ್" ಎಂದು ಹಡಗಿನ ಕಂಪನಿಯವನು ಫೋನ್ ಇಟ್ಟ. ನಿನ್ನೆಯವರೆಗೂ ಅವನು "ಲುಕಿಂಗ್ ಫಾರ್ ಹಿಮ್" ಎನ್ನುತ್ತಿದ್ದ. ಅವರ್ಸಾ ಊರಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ನೀತಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಡಗಿನಿಂದ ಕಡಲಿಗೆ ಬಿದ್ದ ಅವಳ ಗಂಡ ರೋಹಿತನನ್ನು ಹುಡುಕುವುದು ನಿಂತಿತ್ತು. ಇನ್ನು ಬಿದ್ದದ್ದು ಹೇಗೆಂಬ ವಿಚಾರಣೆ ಮಾತ್ರ.

ಜಗಲಿಯಲ್ಲಿ ಮೀನಿನ ಬುಟ್ಟಿಯೆದುರು ತಲೆಗಿಡುವ ಬಟ್ಟೆಯ ಸಿಂಬೆ ಸುತ್ತುತ್ತಿದ್ದ ಅತ್ತೆ ದುರ್ಗಾ ಕೈ ನಿಲ್ಲಿಸಿದಳು. "ಎಂತ ಅಂದ್ರು? ನಿನ್ನೆ ಹೇಳಿದ್ದೇ ಮಾತಾ?"

ನೀತಾ ಫೋನನ್ನು ಕೆಳಗಿಟ್ಟು ಬುಟ್ಟಿಯ ಹತ್ತಿರ ಬಂದಳು. ಅದನ್ನು ಅತ್ತೆ ಹೌದೆಂದೇ ತಿಳಿದಳು.

"ಪ್ಯಾಟೆಲಿ ಎಲ್ಲಾ ಕೇಳ್ತರು. ಕಂಪನಿಯವ್ರು ಹೇಳ್ದಂಗೇ ಹೇಳ್ಬೇಕು" ಎಂದು ಎದ್ದು ನಿಂತು, ಸೊಸೆಯಿಂದಲೇ ಕಲಿತಿದ್ದ ವಾಕ್ಯವನ್ನು ಟ್ಯೂಷನ್ ಮಕ್ಕಳ ಹಾಗೆ ತಡೆತಡೆದು ಒಪ್ಪಿಸಿದಳು. "ದೇ ಆರ್... ಲುಕಿಂಗ್... ಫಾರ್ ಹಿಮ್." ಆಮೇಲೆ ಸೊಸೆಯ ಮುಖ ನೋಡಿದಳು. "ಸರಿ ಆಯ್ತಾ? ತಪ್ಪಿದ್ರೆ ಹೇಳೆ."

ಒಂದಕ್ಷರವೂ ತಪ್ಪಿರಲಿಲ್ಲ. ನೀತಾ ಬಗ್ಗಿ ಬುಟ್ಟಿ ಎತ್ತಿ ಅತ್ತೆಯ ತಲೆಗೇರಿಸಿದಳು.

"ಸರಿ ಇದೆ, ಅತ್ತೆ."