ಹದಿನಾರು ನಕ್ಷತ್ರ ಕಮ್ಮಿ

"ನಿಲ್ಸಿ! ಅದಕ್ಕೆ ಬೆಂಕಿ ತಾಗಿಸ್ಬೇಡಿ!"

ಮಾಜಿ ಸೈನಿಕರ ಸಂಘದ ಅಂಗಳದಲ್ಲಿ ನೆರೆದಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವನು ಲೈಮನ್ ಟಟಲ್, ನಿವೃತ್ತ ಹಲ್ಲಿನ ಡಾಕ್ಟರು, ಹಳೆಯ ಬಾವುಟ ಕೂಡಿಡುವ ಹುಚ್ಚಿನವನು. ಓಹಾಯೋದ ಆ ಸಣ್ಣ ಊರಿನಲ್ಲಿ ಧ್ವಜದಿನ ಬಂತೆಂದರೆ ಜನ ತಮ್ಮ ಮನೆಯ ಹರಿದ ಬಾವುಟಗಳನ್ನು ತಂದು ಕೊಡುತ್ತಿದ್ದರು. ಸಂಘದವರು ಅವನ್ನು ಮರ್ಯಾದೆಯಿಂದ ಸುಡುತ್ತಿದ್ದರು. ಎಲ್ಲರೂ ಟೊಪ್ಪಿ ತೆಗೆದು ತಲೆ ತಗ್ಗಿಸಿ ನಿಂತರೆ ಲೈಮನ್ ಭೂತಗನ್ನಡಿ ಹಿಡಿದು ರಾಶಿಯ ಸುತ್ತ ಸುಳಿಯುತ್ತಿದ್ದ. ಇಷ್ಟು ವರ್ಷ ಸಿಕ್ಕಿದ್ದೆಲ್ಲ ಅಂಗಡಿಯ ನೈಲಾನ್ ಬಾವುಟವೇ. ಇವತ್ತು ಮಾತ್ರ ಸಾರ್ಜೆಂಟ್ ವರ್ಜಿಲ್ ಕ್ರಾಟ್ಸ್ ಕೈಯಲ್ಲಿದ್ದದ್ದು ಕೈಹೊಲಿಗೆಯ ಉಣ್ಣೆ ಬಾವುಟ. ಬೆಂಕಿಗೂ ಅದಕ್ಕೂ ಒಂದು ಗೇಣು ಅಂತರ.

"ಯಾಕ್ರೀ ಸುಡಬಾರದು? ಹರಿದಿದೆ. ಹರಿದದ್ದನ್ನ ಸುಡಬೇಕು ಅಂತ ನಿಯಮ," ಎಂದ ಕ್ರಾಟ್ಸ್.

"ಅದು ಗುಂಡು ತಾಗಿ ಹರಿದದ್ದು ಮಾರಾಯ!"

"ಗುಂಡು ತಾಗ್ಲಿ, ಗೂಳಿ ತಿವೀಲಿ. ಹರಿದದ್ದು ಹರಿದದ್ದೇ."

ಬಾವುಟ ತಂದವಳು ಎಂಬತ್ತು ದಾಟಿದ ಆರ್ಫಾ ಬೀಸ್ಲಿ. ಊರಿನ ಅರ್ಧ ಗಂಡಸರಿಗೆ ಚರ್ಚಿನ ಭಾನುವಾರದ ಪಾಠ ಹೇಳಿ ಕಿವಿ ಹಿಂಡಿದವಳು. ಹಿಂಡಿಸಿಕೊಂಡವರಲ್ಲಿ ಕ್ರಾಟ್ಸನೂ ಒಬ್ಬ. "ನಮ್ಮ ಮುತ್ತಜ್ಜ ಅಂತರ್ಯುದ್ಧದಲ್ಲಿ ಹೊತ್ತಿದ್ದು ಕಣಪ್ಪ. ಅಟ್ಟದಲ್ಲಿ ನುಸಿ ಹಿಡೀತಿತ್ತು. ನಾನು ಸತ್ತಮೇಲೆ ಯಾರೋ ನೆಲ ಒರೆಸೋಕೆ ತಗೊಳ್ಳೋ ಬದಲು ಗೌರವವಾಗಿ ಹೋಗ್ಲಿ ಅಂತ ತಂದೆ," ಎಂದಳು.

ಅಷ್ಟರಲ್ಲಿ ಲೈಮನ್ ಬಾವುಟದ ಒಂದು ತುದಿ ಹಿಡಿದು ನಕ್ಷತ್ರ ಎಣಿಸಿಯೇ ಬಿಟ್ಟಿದ್ದ. "ಮೂವತ್ತನಾಲ್ಕು!" ಅವನ ಕಣ್ಣಲ್ಲಿ ನೀರು. "ಅಮ್ಮಾ, ರಾಜ್ಯಕ್ಕೊಂದು ನಕ್ಷತ್ರ! ಆ ಯುದ್ಧ ಶುರುವಾದಾಗ ಇದ್ದದ್ದೇ ಮೂವತ್ತನಾಲ್ಕು ರಾಜ್ಯ!"

ಕ್ರಾಟ್ಸನ ಮುಖ ಗಂಟಿಕ್ಕಿತು. "ಎಷ್ಟಂದ್ರಿ? ಮೂವತ್ತನಾಲ್ಕಾ? ಬಾವುಟ ಅಂದ್ರೆ ಐವತ್ತು ಇರ್ಬೇಕು. ಹದಿನಾರು ಕಮ್ಮಿ ಇದೆಯಲ್ರೀ!" ಅವನು ಬಾವುಟವನ್ನು ಬೆಂಕಿಯಿಂದ ದೂರ ಸರಿಸಿ, ತನ್ನ ಕಚೇರಿಗೆ ಸೇರದ ಅರ್ಜಿಯನ್ನು ಹಿಂದಿರುಗಿಸುವ ಗುಮಾಸ್ತನಂತೆ ಆರ್ಫಾಳ ಕೈಗಿಟ್ಟ. "ಕ್ಷಮಿಸಿ ಮಿಸೆಸ್ ಬೀಸ್ಲಿ. ನಮ್ಮ ಲೆಕ್ಕದಲ್ಲಿ ಇದು ಬಾವುಟವೇ ಅಲ್ಲ. ಸುಡೋ ಅಧಿಕಾರ ನನಗಿಲ್ಲ."

"ಬಾವುಟ ಅಲ್ವಾ?" ಎಂದು ಆರ್ಫಾ ಅದನ್ನು ಬಿಡಿಸಿ ಹಿಡಿದು ನೋಡಿದಳು.

ಲೈಮನ್‌ಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಿಜಕ್ಕೂ ಸಿಗುತ್ತಿತ್ತೇನೋ. "ಸರಿಯಾಗಿ ಹೇಳ್ದ ಸಾರ್ಜೆಂಟ್! ಬಾವುಟ ಅಲ್ಲ ಅಮ್ಮಾ, ಇದು ಅಪರೂಪದ ಜವಳಿ. ನನಗೆ ಕೊಡಿ. ಬೆಳಕಿಲ್ಲ, ಗಾಳಿಯಿಲ್ಲ, ಒಬ್ಬರ ಉಸಿರೂ ತಾಗಲ್ಲ, ಅಂಥ ಕತ್ತಲೆ ಪೆಟ್ಟಿಗೇಲಿ ಮಲಗಿಸ್ತೀನಿ."

"ನಮ್ಮ ಮುತ್ತಜ್ಜನ್ನ ಒಂದ್ಸಲ ಹೂತಾಗಿದೆ," ಎಂದಳು ಆರ್ಫಾ. "ಒಬ್ಬ ಸುಡ್ತೀನಿ ಅಂತ ಹೊರಟ, ಇನ್ನೊಬ್ಬ ಹೂಳ್ತೀನಿ ಅಂತಾನೆ. ನನ್ನ ಕೈಲಿರೋದು ಬಾವುಟವೋ, ಅನಾಥ ಹೆಣವೋ?" ಬಾವುಟವನ್ನು ಎದೆಗವಚಿಕೊಂಡು ಸರಸರನೆ ಹೊರಟೇಬಿಟ್ಟಳು.

ಮರುದಿನ ಬೆಳಿಗ್ಗೆ ಅದು ಅವಳ ಮನೆಯ ಮುಂದೆ, ಜಗುಲಿಯ ಕಂಬದಿಂದ ಹೊರಗೆ ಚಾಚಿದ ಕೋಲಿನಲ್ಲಿ ಹಾರಾಡುತ್ತಿತ್ತು. ಸುದ್ದಿ ಕೇಳಿ ಲೈಮನ್ ಬಾಯಲ್ಲಿದ್ದ ತಿಂಡಿಯನ್ನೂ ನುಂಗದೆ ಓಡಿಬಂದ. ಆಮೇಲೆ ದಿನವೂ ಬಂದ. ಮಡಿಸುವ ಕುರ್ಚಿ ತಂದು ಬೇಲಿಯ ಹೊರಗೆ ಕೂತು ಗಾಳಿ ಬೀಸಿದಾಗಲೆಲ್ಲ ತನ್ನ ಹಲ್ಲನ್ನೇ ಯಾರೋ ಕೀಳುತ್ತಿದ್ದಾರೆ ಎಂಬಂತೆ ನರಳುತ್ತಿದ್ದ.

"ಅಮ್ಮಾ, ಬಿಸಿಲಿಗೆ ಬಣ್ಣ ಹೋಗುತ್ತೆ!"

"ನನ್ನ ಬಣ್ಣಾನೂ ಹೋಯ್ತು. ಯಾರಾದ್ರೂ ಪೆಟ್ಟಿಗೇಲಿಟ್ರಾ?"

ಒಂದು ಮಧ್ಯಾಹ್ನ ನದಿಯ ಕಡೆಯಿಂದ ಮೋಡ ಕವಿದು ದಪ್ಪ ಹನಿಗಳು ಬೀಳತೊಡಗಿದವು. ಲೈಮನ್ ಬೇಲಿ ಹಾರಿದ. ಅರವತ್ತೆಂಟರ ಮನುಷ್ಯ, ಪ್ಯಾಂಟು ಪರ್ರೆಂದು ಹರಿಯಿತು. ಅದನ್ನು ಲೆಕ್ಕಿಸದೆ ಜಗುಲಿಯ ಅಂಚಿನ ಮರದ ಕಟಾಂಜನದ ಮೇಲೆ ಹತ್ತಿ, ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು, ಇನ್ನೊಂದು ಕೈಯಿಂದ ಬಾವುಟದ ಮೇಲೆ ಕೊಡೆ ಬಿಚ್ಚಿ ಹಿಡಿದ. ತಾನು ತೊಯ್ದು ತೊಪ್ಪೆಯಾದ.

ಅದೇ ಹೊತ್ತಿಗೆ ಕ್ರಾಟ್ಸನ ಕಾರು ಬಂದು ನಿಂತಿತು. ಕಿಟಕಿಯ ಗಾಜು ಇಳಿಯಿತು. "ಮಿಸೆಸ್ ಬೀಸ್ಲಿ! ಮಳೇಲಿ ಬಾವುಟ ಹಾರಿಸೋ ಹಾಗಿಲ್ಲ! ನಿಯಮ ಇದೆ!"

ಆರ್ಫಾ ತೂಗುಕುರ್ಚಿಯಿಂದ ಕದಲಲಿಲ್ಲ. "ಯಾವ ಬಾವುಟನೋ ವರ್ಜಿಲ್?"

ಕಾರಿನ ವೈಪರು ಅತ್ತಿತ್ತ ಆಡುತ್ತಲೇ ಇತ್ತು. ಕೊನೆಗೆ ಕ್ರಾಟ್ಸ್ ಕೆಳಗಿಳಿದ, ಡಿಕ್ಕಿಯಿಂದ ಸಂಘದ ದೊಡ್ಡ ಕಪ್ಪು ಕೊಡೆ ತೆಗೆದು ಬಂದ, ಕಟಾಂಜನದ ಇನ್ನೊಂದು ಬದಿ ಹತ್ತಿದ.

"ಸ್ವಲ್ಪ ಎಡಕ್ಕೆ ಹಿಡೀರಿ," ಎಂದ ಲೈಮನ್.

"ನನಗೆ ಗೊತ್ತು. ನಿಮ್ಮ ಕಡೆ ನೀವು ನೋಡ್ಕೊಳ್ಳಿ," ಎಂದ ಕ್ರಾಟ್ಸ್.

ಆರ್ಫಾ ಒಳಗೆ ಹೋಗಿ ಇಬ್ಬರಿಗೂ ಬಿಸಿ ಕಾಫಿ ತಂದಳು. ಕೊಡೋಣವೆಂದರೆ ಇಬ್ಬರಿಗೂ ಕೈ ಬಿಡುವಿರಲಿಲ್ಲ. ತಟ್ಟೆ ಹಿಡಿದು ಅಲ್ಲೇ ಬಾಗಿಲಲ್ಲಿ ನಿಂತು, ಎರಡು ಕೊಡೆಗಳ ಕೆಳಗೆ ಬೆಚ್ಚಗಿದ್ದ ಆ ಚಿಂದಿಯನ್ನು ಬಹಳ ಹೊತ್ತು ನೋಡಿದಳು.

"ಇದನ್ನ ಹೊತ್ತಿದ್ದ ಮನುಷ್ಯ ತೊಡೆಗೆ ಗುಂಡು ತಾಗಿ ರಾತ್ರಿಯಿಡೀ ಮಳೇಲಿ ಬಿದ್ದಿದ್ದನಂತೆ," ಎಂದಳು. "ಆಗ ಒಬ್ಬನಾದ್ರೂ ಕೊಡೆ ತಂದಿದ್ರೆ!"